ತೋಟದ ಪೆಟ್ಟಿಗೆಗೆ ಒಂದೇ ಸೆಲ್ ಸಾಕು

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಅಡಿಕೆ ತೋಟಗಳಿಂದ ನನ್ನ ಮೇಜಿಗೆ ಬರುವ ಪೆಟ್ಟಿಗೆಗಳದ್ದು ಹೆಚ್ಚಾಗಿ ಒಂದೇ ಜಾತಿ. ಸುರಂಗದ (ಗುಡ್ಡಕ್ಕೆ ಅಡ್ಡಲಾಗಿ ಕೊರೆದ ನೀರಿನ ದಾರಿ) ನೀರು ಬೀಳುವ ಟಾಂಕಿ ಎಷ್ಟು ತುಂಬಿದೆ, ಅಡಿಕೆ ಬುಡದ ಮಣ್ಣು ಒಣಗಿದೆಯಾ ಎಂದು ನೋಡಿ ಮನೆಯ ವೈಫೈಗೆ ಸುದ್ದಿ ಮುಟ್ಟಿಸುವುದು ಅದರ ಕೆಲಸ. ಒಳಗೆ ಒಂದು ಇಎಸ್‌ಪಿ32 ಬೋರ್ಡ್ (ವೈಫೈ ಇರುವ ಪುಟ್ಟ ಕಂಪ್ಯೂಟರ್ ಚಿಪ್ ಕೂರಿಸಿದ್ದು), ಒಂದು 18650 ಅಳತೆಯ ಲಿಥಿಯಂ ಸೆಲ್. ದೂರು ಕೂಡ ಒಂದೇ: "ಸೆಲ್ ಹಾಕಿ ಹದಿನೈದು ದಿನ ಆಗ್ಲಿಲ್ಲ ಮಾರಾಯ್ರೇ, ಸತ್ತೇ ಹೋಯ್ತು. ಇನ್ನೂ ದೊಡ್ಡ ಸೆಲ್ ಉಂಟಾ?"

ದೊಡ್ಡ ಸೆಲ್ ಬೇಡ. ಮೊದಲು ಸ್ವಲ್ಪ ಲೆಕ್ಕ ಹಾಕೋಣ.

ಪೆಟ್ಟಿಗೆ ಅರ್ಧ ಗಂಟೆಗೊಮ್ಮೆ ಎದ್ದು, 5 ಸೆಕೆಂಡ್ ವೈಫೈ ಹಿಡಿದು, ಸರಾಸರಿ 100 ಮಿಲಿ ಆಂಪಿಯರ್ ಎಳೆದು ಮತ್ತೆ ಮಲಗುತ್ತದೆ ಎಂದಿಟ್ಟುಕೊಳ್ಳಿ. ಇಡೀ ದಿನಕ್ಕೆ ಖರ್ಚು ಸುಮಾರು 7 ಎಂಎಎಚ್ (ಮಿಲಿ ಆಂಪಿಯರ್ ಅವರ್, ಸೆಲ್ಲಿನಲ್ಲಿ ಎಷ್ಟು ತುಂಬಿದೆ ಎನ್ನುವ ಲೆಕ್ಕ). ಮಲಗಿದಾಗ ಚಿಪ್ ಎಳೆಯುವುದು 10 ಮೈಕ್ರೋ ಆಂಪಿಯರ್, ಲೆಕ್ಕಕ್ಕೇ ಇಲ್ಲ. 2500 ಎಂಎಎಚ್ ಸೆಲ್ ಕಾಗದದ ಮೇಲೆ ಒಂದು ವರ್ಷ ಬರಬೇಕು. ಅದರ ಅರ್ಧ ಬಂದರೂ ಒಂದು ಬೇಸಗೆ ಆರಾಮವಾಗಿ ದಾಟುತ್ತದೆ, ಅಲ್ವಾ?

ದಾಟುವುದಿಲ್ಲ. ಯಾಕೆಂದರೆ ಬೋರ್ಡಿನ ಮೇಲೆ ಎಎಂಎಸ್1117 ಎಂಬ ಮೂರು ಕಾಲಿನ ರೆಗ್ಯುಲೇಟರ್ ಕೂತಿರುತ್ತದೆ, ವೋಲ್ಟೇಜನ್ನು ಚಿಪ್ಪಿಗೆ ಬೇಕಾದಷ್ಟಕ್ಕೆ ಇಳಿಸಿ ಕೊಡುವ ಕಾವಲುಗಾರ. ಚಿಪ್ ಮಲಗಲಿ, ಏಳಲಿ, ಇದು ತನ್ನ ಪಾಲಿಗೆ 5 ಮಿಲಿ ಆಂಪಿಯರ್ ತಿನ್ನುತ್ತಲೇ ಇರುತ್ತದೆ. ದಿನಕ್ಕೆ 120 ಎಂಎಎಚ್! ಕೆಲಸಕ್ಕೆ ಏಳು, ಕಾವಲುಗಾರನಿಗೆ ನೂರಿಪ್ಪತ್ತು. ಪಕ್ಕದಲ್ಲಿ ಸುಮ್ನೆ ಉರಿಯುವ ಕೆಂಪು ಎಲ್‌ಇಡಿ, ಯುಎಸ್‌ಬಿ ಚಿಪ್ ಬೇರೆ. ಸಾಲದ್ದಕ್ಕೆ ಈ ರೆಗ್ಯುಲೇಟರಿಗೆ ಒಳಗೆ ಬರುವ ವೋಲ್ಟೇಜ್ ಹೊರಗಿನದಕ್ಕಿಂತ ಒಂದು ವೋಲ್ಟಿನಷ್ಟು ಜಾಸ್ತಿ ಇರಲೇಬೇಕು. ಸೆಲ್ 3.7ಕ್ಕೆ ಇಳಿದಾಗ ಚಿಪ್ಪಿಗೆ ಸಿಗುವುದು 2.7ರ ಆಸುಪಾಸು. ಇಎಸ್‌ಪಿ32ಕ್ಕೆ ಕನಿಷ್ಠ 3 ವೋಲ್ಟ್ ಬೇಕು. ಹಾಗಾಗಿ ಸೆಲ್ಲಿನಲ್ಲಿ ಇನ್ನೂ ಜೀವ ಇರುವಾಗಲೇ ವೈಫೈ ಹಿಡಿಯಲು ಹೋಗಿ ರೀಸೆಟ್, ಮತ್ತೆ ರೀಸೆಟ್. ಅದನ್ನೇ ನಾವು ಸೆಲ್ ಸತ್ತಿತು ಎನ್ನುವುದು.

ನಾನು ಮಾಡುವುದು ಇಷ್ಟು. ಡೆವಲಪ್‌ಮೆಂಟ್ ಬೋರ್ಡನ್ನು ಮೇಜಿನ ಪ್ರಯೋಗಕ್ಕೆ ಇಟ್ಟುಕೊಂಡು, ತೋಟಕ್ಕೆ ಬರೀ ಮಾಡ್ಯೂಲ್ (ರೆಗ್ಯುಲೇಟರ್, ಯುಎಸ್‌ಬಿ ಏನೂ ಇಲ್ಲದ ಚಿಪ್ಪಿನ ತುಂಡು) ಕಳಿಸುತ್ತೇನೆ. ಸೆಲ್ ಲಿಥಿಯಂ ಐರನ್ ಫಾಸ್ಫೇಟ್. ಇದರ ವೋಲ್ಟೇಜ್ 3.2. ಹೆಚ್ಚಿನ ಆಯುಸ್ಸನ್ನೆಲ್ಲ ಅದೇ ಮಟ್ಟದಲ್ಲಿ ಕಳೆಯುತ್ತದೆ. ಇಎಸ್‌ಪಿ32ಕ್ಕೆ ಬೇಕಾದ್ದು 3.0ದಿಂದ 3.6. ನಡುವೆ ರೆಗ್ಯುಲೇಟರೇ ಬೇಡ, ನೇರ ಜೋಡಿಸಿ. ವೈಫೈ ಏಳುವ ಹೊತ್ತಿಗೆ ಚಿಪ್ ಒಮ್ಮೆಲೇ ನೂರಾರು ಮಿಲಿ ಆಂಪಿಯರ್ ಎಳೆಯುತ್ತದೆ. ಆದ್ದರಿಂದ ಮಾಡ್ಯೂಲಿನ ಕಾಲಿಗೆ ತಾಗಿಕೊಂಡೇ ಕರೆಂಟ್ ಕೂಡಿಟ್ಟು ಒಮ್ಮೆಲೇ ಕೊಡುವ ಒಂದು 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರಲಿ. ಎರಡು ಎಚ್ಚರ ಮಾತ್ರ. ಅಂಗಡಿಯಲ್ಲಿ ಸಿಗುವ ಟಿಪಿ4056 ಚಾರ್ಜರ್ ಈ ಸೆಲ್ಲಿಗೆ ಆಗದು, ಅದು 4.2ರ ತನಕ ಏರಿಸುತ್ತದೆ, ಈ ಸೆಲ್ 3.65ಕ್ಕೇ ಭರ್ತಿ. ಮತ್ತೆ, ಚಾರ್ಜರಿನಿಂದ ತೆಗೆದ ಕೂಡಲೇ ಹಾಕಬೇಡಿ. ಸ್ವಲ್ಪ ಹೊತ್ತು ಬಿಟ್ಟರೆ ತಾನಾಗಿ ಇಳಿಯುತ್ತದೆ. ಮೀಟರ್ ಇಟ್ಟು 3.5ರ ಕೆಳಗೆ ಬಂದದ್ದು ನೋಡಿ ಜೋಡಿಸಿ.

ಮನೆಯಲ್ಲಿರುವ ಮಾಮೂಲಿ 18650 ಸೆಲ್ಲೇ ಬೇಕೆಂದರೆ ಎಚ್‌ಟಿ7333ರಂಥ ರೆಗ್ಯುಲೇಟರ್ ಹಾಕಿ. ಅದರ ಸ್ವಂತ ಊಟ ಕೆಲವೇ ಮೈಕ್ರೋ ಆಂಪಿಯರ್. ಆದರೆ ಅದು ಕೊಡುವುದು 250 ಮಿಲಿ ಆಂಪಿಯರ್ ಮಾತ್ರ, ಕೆಪಾಸಿಟರ್ ಇನ್ನೂ ದೊಡ್ಡದು ಬೇಕಾಗುತ್ತದೆ.

ಗಡಿಯಾರದ ಒಂದೂವರೆ ವೋಲ್ಟ್ ಸೆಲ್, ಸಿಆರ್2032 ಬಿಲ್ಲೆ ಸೆಲ್ ಇವೆಲ್ಲ ವೈಫೈಗೆ ಹೇಳಿದ್ದಲ್ಲ. ಬಿಲ್ಲೆಯಲ್ಲಿ ಇರುವುದೇ 220 ಎಂಎಎಚ್, ಹತ್ತಿಪ್ಪತ್ತು ಮಿಲಿ ಆಂಪಿಯರ್ ಎಳೆದರೆ ಕುಸಿಯುತ್ತದೆ. ಎಟಿಟೈನಿಯಂಥ ವೈಫೈ ಇಲ್ಲದ ಸಣ್ಣ ಚಿಪ್, ಆಗೊಮ್ಮೆ ಈಗೊಮ್ಮೆ ಮಿನುಗುವ ಎಲ್‌ಇಡಿ, ಅಷ್ಟಕ್ಕೆ ಚೆನ್ನ.

ಇನ್ನೊಂದು ಕಳ್ಳ ಉಂಟು. ಸೆಲ್ ವೋಲ್ಟೇಜ್ ನೋಡಲು ಎರಡು 10 ಕಿಲೋ ಓಮ್ ರೆಸಿಸ್ಟರ್ ಹಾಕಿರುತ್ತಾರೆ. ಮಾಮೂಲಿ ಲಿಥಿಯಂ ಸೆಲ್ಲಿನಲ್ಲಿ ಅದೇ ತಿಂಗಳಿಗೆ 130 ಎಂಎಎಚ್ ದಾಟಿ ನುಂಗುತ್ತದೆ. ಎರಡನ್ನೂ 1 ಮೆಗಾ ಓಮ್ ಮಾಡಿ, ಅಳೆಯುವ ಪಿನ್ನಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೊಡಿ. ಮಣ್ಣಿನ ಸೆನ್ಸಾರಿಗೂ ಸದಾ ಕರೆಂಟ್ ಬೇಡ, ಚಿಪ್ಪಿನ ಒಂದು ಪಿನ್ನಿನಿಂದಲೇ ಕೊಟ್ಟು ಅಳೆದ ಮೇಲೆ ನಿಲ್ಲಿಸಿ. ನಮ್ಮ ಮಳೆಗಾಲದ ಥಂಡಿಗೆ, ಬೆಸುಗೆಯ ಫ್ಲಕ್ಸ್ ತೊಳೆಯದೆ ಬಿಟ್ಟ ಬೋರ್ಡ್ ಕೂಡ ಕರೆಂಟ್ ಸೋರಿಸುತ್ತದೆ. ತೊಳೆದು, ಒಣಗಿಸಿ, ವಾರ್ನಿಷ್ ಬಳಿಯಿರಿ.

ಮಲಗಿದಾಗಿನ ಕರೆಂಟ್ ಅಳೆಯಲು ಸೆಲ್ಲಿಗೂ ಬೋರ್ಡಿಗೂ ನಡುವೆ ಮಲ್ಟಿಮೀಟರನ್ನು ಮೈಕ್ರೋ ಆಂಪಿಯರ್ ರೇಂಜಿಗೆ ಇಟ್ಟರೆ ಪೆಟ್ಟಿಗೆ ಏಳುವುದೇ ಇಲ್ಲ. ಆ ರೇಂಜಿನಲ್ಲಿ ಮೀಟರಿನೊಳಗಿನ ರೆಸಿಸ್ಟರ್ ದೊಡ್ಡದು, ವೋಲ್ಟೇಜೆಲ್ಲ ಅಲ್ಲೇ ಬಿದ್ದುಹೋಗುತ್ತದೆ. ಮೀಟರಿನ ಎರಡು ಕಡ್ಡಿಗಳ ನಡುವೆ ಒಂದು ವಯರ್ ತುಂಡು ಸಿಕ್ಕಿಸಿ ಪೆಟ್ಟಿಗೆ ಚಾಲೂ ಮಾಡಿ. ಅದು ಮಲಗಿದ ಮೇಲೆ ವಯರ್ ತೆಗೆಯಿರಿ. 20 ಮೈಕ್ರೋ ಆಂಪಿಯರಿಗಿಂತ ಕಡಿಮೆ ತೋರಿಸಿದರೆ ಟಾಂಕಿಯ ಹತ್ತಿರ ಕಟ್ಟಿ ಬನ್ನಿ. ಮಿಲಿ ಆಂಪಿಯರ್ ಲೆಕ್ಕದಲ್ಲಿ ತೋರಿಸಿದರೆ ಪೆಟ್ಟಿಗೆ ಮತ್ತೆ ಮೇಜಿಗೆ.