ಉಪ್ಪಿನ ಭರಣಿ ಬೆವರಿದರೆ ಸಿಗಾರ್ ಪೆಟ್ಟಿಗೆ ತೆರೆದು ನೋಡಿ

ಕಳೆದ ಜುಲೈಯಲ್ಲಿ ಮಂಗಳೂರಿಗೆ, ಅಕ್ಕನ ಮನೆಗೆ ಹೋಗಿದ್ದೆ. ಭಾವನಿಗೆ ಸಿಗಾರ್ ಹುಚ್ಚು. ಗಲ್ಫಿನಿಂದ ಗೆಳೆಯರು ತಂದುಕೊಟ್ಟ ಸಿಗಾರ್‌ಗಳನ್ನು ಇಡಲು ತಾವೇ ಒಂದು ಪೆಟ್ಟಿಗೆ ಮಾಡಿಕೊಂಡಿದ್ದರು. ಪಿಕ್‌ನಿಕ್‌ಗೆ ಒಯ್ಯುವ ಐಸ್ ಬಾಕ್ಸ್, ಒಳಗೆ ತೆಳು ಮರದ ಹಲಗೆ, ಮೂಲೆಯಲ್ಲಿ ಒದ್ದೆ ಸ್ಪಂಜು, ಮೇಲೊಂದು ಹಿಡಿ ಬೇವಿನ ಎಲೆ. ಮುಚ್ಚಳ ತೆಗೆದರೆ ಮಳೆಗಾಲದ ಚಪ್ಪಲಿ ಗೂಡಿನ ವಾಸನೆ.

ಸಿಗಾರ್‌ಗಳ ಮೇಲೆ ಬಿಳಿ ಪುಡಿ ಕೂತಿತ್ತು. "ಬೂಷ್ಟು ಅಲ್ಲ ಮಾರಾಯ, ಇದು ಪ್ಲೂಮ್. ಹಳೇದಾದ ಹಾಗೆ ಎಲೆಯ ಎಣ್ಣೆ ಹೊರಗೆ ಬಂದು ಹರಳಾಗುವುದು. ಒಳ್ಳೇ ಮಾಲಿನ ಗುರುತು" ಎಂದರು ಭಾವ. ನಾನು ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದೆ. ಒಂದೊಂದು ಚುಕ್ಕೆಯಿಂದಲೂ ನವಿರಾದ ಎಳೆಗಳು ಸುತ್ತಲೂ ಹರಡಿದ್ದವು. ಎರಡು ಕಡೆ ನೀಲಿ ಮಿಶ್ರಿತ ಹಸಿರು. ಹರಳಿಗೆ ಕೂದಲು ಹುಟ್ಟುವುದಿಲ್ಲ, ಅಲ್ವಾ?

ಈ ಪ್ಲೂಮ್ ಕಥೆಯ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಜಗತ್ತಿನ ಎಲ್ಲ ಕಡೆ ಸಿಗಾರ್ ಪ್ರಿಯರು ಇದನ್ನು ಒಬ್ಬರಿಗೊಬ್ಬರು ಹೇಳಿಕೊಂಡು ಸಮಾಧಾನ ಪಡುತ್ತಾರೆ. ಒರೆಸಿ ಸೇದಿದರೆ ಆಯ್ತು ಅನ್ನುತ್ತಾರೆ. ಸಿಗಾರ್ ಸೇದುವುದೇ ಆರೋಗ್ಯಕ್ಕೆ ಕೆಟ್ಟದ್ದು. ಬೂಷ್ಟು ಹಿಡಿದದ್ದನ್ನು ಸೇದಿದರೆ ಅದರ ಬೀಜಕಣಗಳೂ ಉಸಿರಿಗೆ ಸೇರಬಹುದು. ಎಳೆ ಕಂಡರೆ ಅದು ಬೂಷ್ಟು. ಈ ಮಾತಿನಲ್ಲಿ ರಾಜಿ ಬೇಡ.

ಹಾಗಾದರೆ ಭಾವ ಎಲ್ಲಿ ತಪ್ಪಿದರು? ಬೇಸರದ ಸಂಗತಿ ಅಂದರೆ, ಅವರು ಓದಿದ್ದನ್ನೆಲ್ಲ ಸರಿಯಾಗಿಯೇ ಮಾಡಿದ್ದರು. ಒದ್ದೆ ಸ್ಪಂಜಿನ ಪಾಠ ಬರೆದವರು ಚಳಿ ದೇಶದವರು. ಅಲ್ಲಿ ಚಳಿಗಾಲದಲ್ಲಿ ಹೀಟರ್ ಹಾಕಿ ಮನೆಯೊಳಗಿನ ಗಾಳಿ ಒಣಗಿ ಹೋಗುತ್ತದೆ, ಸಿಗಾರ್ ಬಿರುಕು ಬಿಡುತ್ತದೆ. ಅಲ್ಲಿ ನೀರು ಸೇರಿಸಬೇಕು. ಜುಲೈಯ ಮಂಗಳೂರಿನಲ್ಲಿ ಹೊರಗಿನ ಗಾಳಿಯೇ ಒದ್ದೆ ಬಟ್ಟೆಯ ಹಾಗಿರುತ್ತದೆ. ಇಲ್ಲಿ ಪೆಟ್ಟಿಗೆಯಿಂದ ನೀರು ತೆಗೆಯಬೇಕು.

ಎಷ್ಟು ನೀರಿದ್ದರೆ ಬೂಷ್ಟು? ನನಗೆ ಬಹಳ ಇಷ್ಟದ ವಿಷಯ ಇದು. ಜೇನುತುಪ್ಪದಲ್ಲಿ ಶೇಕಡಾ 17-18ರಷ್ಟು ನೀರಿದೆ. ಅದಕ್ಕೆ ಬೂಷ್ಟು ಬರುವುದಿಲ್ಲ. ಕಡಲೆಬೀಜದಲ್ಲಿ 10 ಇದ್ದರೂ ಬರುತ್ತದೆ! ಮದುವೆ ಮನೆಯಲ್ಲಿ ಐನೂರು ಜನ ಇರುತ್ತಾರೆ, ಬಡಿಸಲು ಕೈ ಬಿಡುವಿದ್ದವರು ಮಾತ್ರ ಹತ್ತೇ ಜನ. ಜೇನಿನ ನೀರೂ ಹಾಗೆ, ಸಕ್ಕರೆಯ ಜೊತೆ ಕೈ ಹಿಡಿದು ಕೂತಿದೆ. ಇನ್ನೊಂದು ರೀತಿ ಹೇಳುವುದಾದರೆ ಅದು ಎಫ್‌ಡಿಯಲ್ಲಿಟ್ಟ ದುಡ್ಡು. ನಿಮ್ಮದೇ ದುಡ್ಡು, ಆದರೆ ತರಕಾರಿ ಅಂಗಡಿಯಲ್ಲಿ ಉಪಯೋಗವಿಲ್ಲ. ಬೂಷ್ಟಿಗೆ ಬೇಕಾದದ್ದು ಜೇಬಿನಲ್ಲಿರುವ ಚಿಲ್ಲರೆ, ಅಂದರೆ ಬಿಡುವಾಗಿರುವ ನೀರು. 1950ರ ದಶಕದಲ್ಲಿ ಆಸ್ಟ್ರೇಲಿಯಾದ ಡಬ್ಲ್ಯು. ಜೆ. ಸ್ಕಾಟ್ ಇದನ್ನು ಸೂಕ್ಷ್ಮಜೀವಿಗಳ ಲೆಕ್ಕಕ್ಕೆ ತಂದರು. ಒಟ್ಟು ನೀರು ಎಷ್ಟಿದೆ ಅನ್ನುವುದಕ್ಕಿಂತ ಬಿಡುವಿನ ನೀರು ಎಷ್ಟಿದೆ ಅನ್ನುವುದೇ ಅವುಗಳ ಬೆಳವಣಿಗೆಯನ್ನು ನಿರ್ಧರಿಸುತ್ತದೆ ಎಂದು ತೋರಿಸಿದರು. ಇದರ ಹೆಸರು ವಾಟರ್ ಆಕ್ಟಿವಿಟಿ. ಮುಚ್ಚಿದ ಪೆಟ್ಟಿಗೆಯಲ್ಲಿ ಇದನ್ನು ಅಳೆಯುವುದು ಸುಲಭ. ಒಳಗಿನ ಗಾಳಿಯ ತೇವಾಂಶ ಶೇಕಡಾ 70 ಇದ್ದರೆ, ಕೆಲವು ದಿನಗಳಲ್ಲಿ ಎಲೆಯ ವಾಟರ್ ಆಕ್ಟಿವಿಟಿಯೂ 0.70ಕ್ಕೆ ಬಂದು ನಿಲ್ಲುತ್ತದೆ.

ಹೆಚ್ಚಿನ ಬೂಷ್ಟುಗಳಿಗೆ ಗಾಳಿಯ ತೇವ ಶೇಕಡಾ 80ರ ಆಸುಪಾಸು ಬೇಕು. ಒಣ ಜಾಗಕ್ಕೆ ಒಗ್ಗಿಕೊಂಡ ಆಸ್ಪರ್ಜಿಲಸ್ ಎಂಬ ಗುಂಪಿನ ಕೆಲವು ಬೂಷ್ಟುಗಳು 72-75ರಲ್ಲೂ ನಿಧಾನಕ್ಕೆ ಏಳುತ್ತವೆ. 65ರಲ್ಲಿ ಇವುಗಳಿಗೆ ದಾರಿಯಿಲ್ಲ. ಆದ್ದರಿಂದ ನಮ್ಮ ಹವೆಗೆ ಸಿಗಾರ್ ಪುಸ್ತಕಗಳು ಹೇಳುವ 70 ಬೇಡ, 65 ಸಾಕು ಅನ್ನುವುದು ನನ್ನ ಅಭಿಪ್ರಾಯ.

ಈ ಅಳತೆಗೆ ಅಡುಗೆಮನೆಯಲ್ಲೇ ಒಂದು ಯಂತ್ರವಿದೆ. ಅದು ಉಪ್ಪು. ಶುದ್ಧವಾದ ಪುಡಿ ಉಪ್ಪು ಗಾಳಿಯ ತೇವ 75 ದಾಟಿದರೆ ನೀರು ಎಳೆದುಕೊಳ್ಳುತ್ತದೆ, ಅದರ ಕೆಳಗೆ ಒಣಗಿಯೇ ಇರುತ್ತದೆ. ಹರಳುಪ್ಪಿನ ಭರಣಿ ಇನ್ನೂ ಬೇಗ ಬೆವರುತ್ತದೆ. ಅದರಲ್ಲಿರುವ ಮೆಗ್ನೀಸಿಯಮ್ ಕ್ಲೋರೈಡಿಗೆ 33 ಸಾಕು. ಈ 75 ಚಳಿ ಸೆಕೆ ಏನೇ ಇದ್ದರೂ ಹೆಚ್ಚುಕಮ್ಮಿ ಬದಲಾಗುವುದಿಲ್ಲ. ಹಾಗಾಗಿ ತೇವದ ಮೀಟರ್ ಕೊಂಡವರು ಮೊದಲು ಅದನ್ನು ಪರೀಕ್ಷೆ ಮಾಡಬೇಕು. ಬಾಟಲಿ ಮುಚ್ಚಳದಲ್ಲಿ ಪುಡಿ ಉಪ್ಪು ಹಾಕಿ ಕೆಲವು ಹನಿ ನೀರು ಬಿಡಿ. ಒದ್ದೆ ಮರಳಿನ ಹಾಗಾಗಬೇಕು, ಕರಗಬಾರದು. ಮೀಟರ್ ಜೊತೆ ಅದನ್ನು ಜಿಪ್ ಕವರಿನಲ್ಲಿ ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ 75 ತೋರಿಸಬೇಕು. ಭಾವನ ಮೀಟರ್ 67 ತೋರಿಸಿತು. ಅಂದರೆ ಅವರು 70 ಅಂದುಕೊಂಡಿದ್ದಾಗ ಒಳಗೆ 78 ಇತ್ತು.

ಸಿಗಾರ್ ಅಂಗಡಿಗಳಲ್ಲಿ ಸಿಗುವ 62, 65, 69 ನಂಬರಿನ ಪೊಟ್ಟಣಗಳ ಒಳಗೂ ಉಪ್ಪಿನ ದ್ರಾವಣವೇ ಇರುವುದು. ತೇವ ಹೆಚ್ಚಾದರೆ ಕುಡಿಯುತ್ತದೆ, ಕಡಿಮೆಯಾದರೆ ಬಿಡುತ್ತದೆ. ಸ್ಪಂಜಿಗೆ ಬಿಡುವುದು ಮಾತ್ರ ಗೊತ್ತು.

ಪೆಟ್ಟಿಗೆಯಲ್ಲಿ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಬೂಷ್ಟು ಎಲ್ಲ ಕಡೆ ಇರಲಿಲ್ಲ, ಒಂದೇ ಬದಿಯಲ್ಲಿತ್ತು. ಆ ಬದಿ ಮಳೆ ಹೊಡೆಯುವ ಹೊರಗೋಡೆಗೆ ತಾಗಿತ್ತು. ಐಸ್ ಬಾಕ್ಸ್ ಆದರೂ ದಿನಗಟ್ಟಲೆ ತಣ್ಣನೆ ಗೋಡೆಗೆ ಒರಗಿದರೆ ಆ ಬದಿ ತಣ್ಣಗಾಗುತ್ತದೆ. 27 ಡಿಗ್ರಿಯಲ್ಲಿ 70 ಇರುವ ಗಾಳಿಯನ್ನು 21ಕ್ಕೆ ಇಳಿಸಿದರೆ ಅದು ಇಬ್ಬನಿ ಬೀಳುವ ಹಂತ. ಅಷ್ಟು ಬೇಡ, ಎರಡು ಡಿಗ್ರಿ ಇಳಿದರೂ ಅಲ್ಲಿ ತೇವ 79 ಆಗುತ್ತದೆ. ಮೀಟರ್ ನಡುವೆ ಕೂತಿರುತ್ತದೆ, ಬೂಷ್ಟು ಮೂಲೆಯಲ್ಲಿ ಬೆಳೆಯುತ್ತದೆ.

ಇನ್ನು ಬೇವು. ಬೇವಿಗೆ ಹುಳ ಹೆದರುತ್ತದೆ, ಸರಿ. ಆದರೆ ಹಸಿ ಎಲೆ ಅಂದರೆ ಬರೀ ನೀರು. ಮುಚ್ಚಿದ ಪೆಟ್ಟಿಗೆಯಲ್ಲಿ ಅದು ಎರಡನೇ ಸ್ಪಂಜು. ಅಂದ ಹಾಗೆ, ಸಿಗಾರ್ ಪೆಟ್ಟಿಗೆಗೆ ಹೆಸರಾದ ಸ್ಪ್ಯಾನಿಷ್ ಸೀಡರ್ ಸ್ಪೇನಿನದೂ ಅಲ್ಲ, ಸೀಡರೂ ಅಲ್ಲ. ಅಮೆರಿಕ ಖಂಡದ ಬಿಸಿ ನಾಡುಗಳ ಮರ ಅದು, ಬೇವಿನದೇ ಕುಟುಂಬ. ನಮ್ಮ ಪಶ್ಚಿಮ ಘಟ್ಟದ ಗಂಧಗರಿಗೆ ಅದರ ಹತ್ತಿರದ ನೆಂಟ. ಮೊದಲು ಸಸ್ಯಶಾಸ್ತ್ರಜ್ಞರು ಎರಡನ್ನೂ ಸೆಡ್ರೆಲಾ ಎಂದೇ ಕರೆಯುತ್ತಿದ್ದರು. ಈ ಹಲಗೆ ತೇವದ ಏರಿಳಿತ ತಗ್ಗಿಸುತ್ತದೆ, ಒಳ್ಳೆಯ ಪರಿಮಳವನ್ನೂ ಕೊಡುತ್ತದೆ. ಒದ್ದೆಯಾದರೆ ಅದಕ್ಕೂ ಬೂಷ್ಟು ಬರುತ್ತದೆ.

ಅವತ್ತು ಎಳೆ ಕಂಡ ಸಿಗಾರ್‌ಗಳನ್ನೆಲ್ಲ ಹೊರಗೆ ಒಯ್ದು ಕವರಿಗೆ ಹಾಕಿ ಕಟ್ಟಿ ಎಸೆದೆವು. ಒಳಗೆ ಕೊಡವಿದ್ದರೆ ಬೀಜಕಣ ಮನೆ ತುಂಬ ಹರಡುತ್ತಿತ್ತು. ಬೆಂಕಿ ಹಚ್ಚುವ ತುದಿಯ ಕಡೆಗೆ ಬೂಷ್ಟು ಬಂದಿದ್ದರೆ ಒಳಗೂ ಇಳಿದಿರುತ್ತದೆ, ಅದನ್ನು ಒರೆಸಿ ಪ್ರಯೋಜನವಿಲ್ಲ. ಸ್ಪಂಜು, ಎಲೆ ಕಸಕ್ಕೆ ಹೋದವು. ಪೆಟ್ಟಿಗೆ, ಹಲಗೆಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಎ.ಸಿ. ಕೋಣೆಯಲ್ಲಿ ಮೂರು ದಿನ ತೆರೆದಿಟ್ಟೆವು. ಉಳಿದ ಸಿಗಾರ್‌ಗಳನ್ನು ಬೇರೆ ಡಬ್ಬಿಯಲ್ಲಿಟ್ಟು ಎರಡು ವಾರ ಕಾದೆವು. ನಾಲ್ಕರಲ್ಲಿ ಮತ್ತೆ ಚುಕ್ಕೆ ಎದ್ದಿತು, ಅವೂ ಹೋದವು.

ಈಗ ಪೆಟ್ಟಿಗೆ ನಡುಕೋಣೆಯ ಕಪಾಟಿನಲ್ಲಿದೆ, ಗೋಡೆಯಿಂದ ಒಂದು ಗೇಣು ದೂರದಲ್ಲಿ. ಒಳಗೆ ಎರಡು 65ರ ಪೊಟ್ಟಣ. ಸೆಪ್ಟೆಂಬರಿನಲ್ಲಿ ಫೋನ್ ಮಾಡಿದಾಗ ತಪ್ಪು ಸರಿಪಡಿಸಿದ ಲೆಕ್ಕದಲ್ಲಿ 66 ಇತ್ತು. ಅಕ್ಕ ಅದೇ ಮೀಟರನ್ನು ಹಪ್ಪಳದ ಡಬ್ಬಿಯಲ್ಲೂ ಒಂದು ರಾತ್ರಿ ಇಟ್ಟು ನೋಡಿದಳಂತೆ. ಅಲ್ಲಿ 74. ಮರುದಿನವೇ ಹಪ್ಪಳ ಟೆರೇಸಿನ ಬಿಸಿಲಿಗೆ ಹೋಯಿತು.