ಉಕ್ರೇನ್ ಯುದ್ಧದ ಖರ್ಚು: ಯಾರ ಪಾಲು ಎಷ್ಟು ಎಂಬ ಹಳೇ ಜಗಳ

2022ರಲ್ಲಿ ಸೂರ್ಯಕಾಂತಿ ಎಣ್ಣೆಯ ಬೆಲೆ ಏರಿದಾಗ ಉಕ್ರೇನ್ ಯುದ್ಧದ ಬಿಸಿ ಮಂಗಳೂರಿನ ಅಡುಗೆಮನೆಗಳಿಗೂ ತಟ್ಟಿತು. ಯುದ್ಧಕ್ಕೆ ಮೊದಲು ಭಾರತ ತರಿಸುತ್ತಿದ್ದ ಆ ಎಣ್ಣೆಯಲ್ಲಿ ಹೆಚ್ಚಿನ ಪಾಲು ಅಲ್ಲಿಂದಲೇ ಬರುತ್ತಿತ್ತು. ಈಗ ಅಲ್ಲಿನ ಸುದ್ದಿಯೆಲ್ಲ ಲೆಕ್ಕದ್ದೇ. ಅಮೆರಿಕ ಎಷ್ಟು ಕೊಟ್ಟಿತು, ಯುರೋಪ್ ಇನ್ನೆಷ್ಟು ಕೊಡಬೇಕು? ಓದುವವರಿಗೆ ತಲೆಬುಡ ಅರ್ಥವಾಗದಷ್ಟು ಇದು ಸಿಕ್ಕಾಗಿದೆ.

ಜಗಳ ಹಳೆಯದು. 1949ರಲ್ಲಿ ಅಮೆರಿಕ, ಯುರೋಪಿನ ದೇಶಗಳೂ ಸೇರಿ 12 ದೇಶಗಳು ನೇಟೋ ಎಂಬ ಸೇನಾ ಮೈತ್ರಿಕೂಟ ಕಟ್ಟಿದವು. ಅಂದಿನಿಂದ ಹೆಚ್ಚಿನ ಭಾರ ಅಮೆರಿಕದ ಮೇಲೆಯೇ ಇತ್ತು, ಗೊಣಗಾಟವೂ ನಿಲ್ಲಲಿಲ್ಲ. 1971ರಲ್ಲಿ ಯುರೋಪಿನಲ್ಲಿದ್ದ ಅರ್ಧ ಸೈನಿಕರನ್ನು ವಾಪಸ್ ಕರೆಸುವ ಪ್ರಸ್ತಾಪ ಅಮೆರಿಕದ ಸೆನೆಟ್‌ನಲ್ಲಿ ಬಂದು ಬಿದ್ದುಹೋಯಿತು. ನೇಟೋದ ಹೊರಗೂ ಇದೇ ಕಥೆ. ಕುವೈತನ್ನು ಇರಾಕ್‌ನಿಂದ ಬಿಡಿಸಲು ಅಮೆರಿಕದ ಮುಂದಾಳತ್ವದಲ್ಲಿ ನಡೆದ 1991ರ ಕೊಲ್ಲಿ ಯುದ್ಧಕ್ಕೆ ಜಪಾನ್ 1300 ಕೋಟಿ ಡಾಲರ್ ಕೊಟ್ಟಿತು, ಸೈನಿಕರನ್ನು ಕಳಿಸಲಿಲ್ಲ. ಯುದ್ಧ ಮುಗಿದ ಮೇಲೆ ಅಮೆರಿಕದ ಪತ್ರಿಕೆಗಳಲ್ಲಿ ಕುವೈತ್ ಹಾಕಿಸಿದ ಧನ್ಯವಾದದ ಜಾಹೀರಾತಿನಲ್ಲಿ ಜಪಾನಿನ ಹೆಸರೇ ಇರಲಿಲ್ಲ.

2014ರಲ್ಲಿ ನೇಟೋ ದೇಶಗಳು ಜಿಡಿಪಿಯ (ದೇಶದ ವಾರ್ಷಿಕ ಒಟ್ಟು ಉತ್ಪನ್ನದ) 2% ಹಣವನ್ನು ರಕ್ಷಣೆಗೆ ಇಡುವ ಮಾತು ಕೊಟ್ಟವು. ಆಗ ಆ ಗೆರೆ ಮುಟ್ಟಿದ್ದವು 3 ದೇಶ. 2024ರ ಹೊತ್ತಿಗೆ 32ರಲ್ಲಿ 20ಕ್ಕೂ ಜಾಸ್ತಿ. 2025ರಲ್ಲಿ ನೆದರ್ಲೆಂಡ್ಸ್‌ನ ಹೇಗ್‌ನಲ್ಲಿ ನಡೆದ ನೇಟೋ ಸಭೆಯಲ್ಲಿ ಗುರಿ 5%ಕ್ಕೆ ಏರಿತು, ಗಡುವು 2035. ಆದರೆ ಇದು ಮುಖ್ಯವಾಗಿ ತಮ್ಮ ತಮ್ಮ ರಕ್ಷಣೆಯ ಖರ್ಚು. ಉಕ್ರೇನ್‌ನ ರಕ್ಷಣೆಗೆ ನೇರವಾಗಿ ಕೊಟ್ಟದ್ದನ್ನು ಇದರಲ್ಲಿ ಎಣಿಸಬಹುದಾದರೂ ನೆರವಿನ ಒಟ್ಟು ಲೆಕ್ಕ ಬೇರೆ. ಟಿ.ವಿ. ಚರ್ಚೆಗಳಲ್ಲಿ ಎರಡನ್ನೂ ಒಂದೇ ಎಂಬಂತೆ ಬೆರೆಸುವುದರಿಂದಲೇ ಅರ್ಧ ಗೊಂದಲ.

ಆ ನೆರವನ್ನು ಅಳೆಯುವುದೂ ಸುಲಭವಲ್ಲ. ನಮ್ಮಲ್ಲಿ ಬ್ರಹ್ಮಕಲಶಕ್ಕೆ ಹೊರೆಕಾಣಿಕೆ ಬಂದ ಹಾಗೆ ಒಬ್ಬರು ಅಕ್ಕಿ, ಒಬ್ಬರು ತೆಂಗಿನಕಾಯಿ, ಇನ್ನೊಬ್ಬರು ದುಡ್ಡು ತಂದಿದ್ದಾರೆ. ಡಾಲರ್ ಎಣಿಸಿದರೆ ಮೊದಲ ವರ್ಷಗಳಲ್ಲಿ ಅಮೆರಿಕವನ್ನು ಮೀರಿಸಿದ ದೇಶ ಇನ್ನೊಂದಿಲ್ಲ. ಆರ್ಥಿಕತೆಯ ಗಾತ್ರಕ್ಕೆ ಹೋಲಿಸಿದರೆ ಡೆನ್ಮಾರ್ಕ್, ಎಸ್ಟೋನಿಯಾದಂಥ ಪುಟ್ಟ ದೇಶಗಳು ಮುಂದೆ. ಡೆನ್ಮಾರ್ಕ್ ತನ್ನ ಸೇನೆಗೆಂದು ಕೊಂಡ 19 ಸೀಸರ್ ಫಿರಂಗಿಗಳನ್ನೂ ಕೊಟ್ಟುಬಿಟ್ಟಿತು. ಜರ್ಮನಿ 10 ಲಕ್ಷಕ್ಕೂ ಹೆಚ್ಚು ನಿರಾಶ್ರಿತರಿಗೆ ಜಾಗ ಕೊಟ್ಟಿದೆ. ಅದು ಯಾವ ಖಾತೆಗೆ? ಪ್ರತಿಯೊಬ್ಬರೂ ತಮಗೆ ಅನುಕೂಲವಾದ ಅಳತೆಗೋಲನ್ನೇ ಹಿಡಿಯುತ್ತಾರೆ.

ಯುದ್ಧಭೂಮಿಯಲ್ಲಿ ಮುಖ್ಯವಾದದ್ದು ನೆರವು ಯಾವಾಗ ತಲುಪಿತು ಎಂಬುದು. 2023ರ ಮಾರ್ಚ್‌ನಲ್ಲಿ ಯುರೋಪಿಯನ್ ಒಕ್ಕೂಟ ವರ್ಷದೊಳಗೆ 10 ಲಕ್ಷ ಶೆಲ್ (ಫಿರಂಗಿ ಗುಂಡು) ಕೊಡುವುದಾಗಿ ಹೇಳಿತು. ಗಡುವು ಮುಗಿದಾಗ ತಲುಪಿದ್ದು ಸುಮಾರು ಅರ್ಧ. ಶೀತಲ ಸಮರ ಮುಗಿದ ಮೇಲೆ ಶೆಲ್ ಕಾರ್ಖಾನೆಗಳು ಸೊರಗಿದ್ದವು, ಸಿಡಿಮದ್ದಿಗೆ ಕೊರತೆ ಇತ್ತು. ದೀರ್ಘಾವಧಿಯ ಆರ್ಡರ್ ಕೈಗೆ ಬಾರದೆ ಹೊಸ ಯಂತ್ರ ಹಾಕಲು ಕಂಪನಿಗಳು ಸಿದ್ಧವಿರಲಿಲ್ಲ. ಹೊರಗಿನಿಂದ ಕೊಳ್ಳಬೇಕೇ, ಯುರೋಪಿನಲ್ಲಿ ತಯಾರಾದದ್ದೇ ಆಗಬೇಕೇ ಎಂಬ ವಾದದಲ್ಲೂ ತಿಂಗಳುಗಳು ಹೋದವು. 2024ರ ಫೆಬ್ರವರಿಯಲ್ಲಿ ಜೆಕ್ ಗಣರಾಜ್ಯ, ಹೊರದೇಶಗಳಲ್ಲಿ 8 ಲಕ್ಷ ಶೆಲ್ ಪತ್ತೆ ಮಾಡಿದ್ದೇವೆ, ದುಡ್ಡು ಹಾಕಿ ಎಂದಿತು. ಅದೇ ಹೊತ್ತಿಗೆ ಅಮೆರಿಕದ ಸುಮಾರು 6100 ಕೋಟಿ ಡಾಲರ್ ನೆರವು ಅಲ್ಲಿನ ಸಂಸತ್ತಿನಲ್ಲಿ ಸಿಕ್ಕಿಕೊಂಡಿತ್ತು, ಪಾಸಾದದ್ದು ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ಶೆಲ್‌ಗಳನ್ನು ಎಣಿಸಿ ಎಣಿಸಿ ಹಾರಿಸುತ್ತಿದ್ದ ಉಕ್ರೇನ್ ಸೇನೆ ಅವ್ದಿಯಿವ್ಕಾ ಪಟ್ಟಣ ಬಿಟ್ಟು ಹಿಂದೆ ಸರಿದಾಗಿತ್ತು. ಸಭೆಗಳಲ್ಲಿ ಕಳೆದ ದಿನಗಳ ಬೆಲೆಯನ್ನು ಅಲ್ಲಿನ ಹುಡುಗರು ತೆತ್ತರು.

ಮಿತ್ರರು ನಡುವೆ ಕೈಬಿಟ್ಟರೆ ಏನಾಗುತ್ತದೆ ಎಂಬುದನ್ನು ಮಂಗಳೂರೂ ಕಂಡಿದೆ. 1783ರಲ್ಲಿ ಟಿಪ್ಪು ಇಲ್ಲಿನ ಕೋಟೆಗೆ ಮುತ್ತಿಗೆ ಹಾಕಿದಾಗ ಜೊತೆಗೆ ಫ್ರೆಂಚ್ ಪಡೆಯೂ ಇತ್ತು. ಯುರೋಪಿನಲ್ಲಿ ಇಂಗ್ಲಿಷರ ಜೊತೆ ರಾಜಿಯಾದ ಸುದ್ದಿ ಬಂದದ್ದೇ ತಡ, ಫ್ರೆಂಚರು ಹಿಂದೆ ಸರಿದರು. ಕೋಟೆ ಕೈಸೇರಲು ಟಿಪ್ಪು ಮುಂದಿನ ಜನವರಿವರೆಗೆ ಕಾಯಬೇಕಾಯಿತು.

2025ರಲ್ಲಿ ಅಮೆರಿಕದ ನಿಲುವು ಬದಲಾಯಿತು. ಜುಲೈಯಿಂದ ಉಕ್ರೇನ್‌ಗೆ ಕಳಿಸುವ ಅಮೆರಿಕದ ಶಸ್ತ್ರಾಸ್ತ್ರಕ್ಕೆ ಇತರ ಮಿತ್ರರು ಹಣ ಕಟ್ಟುವ ಏರ್ಪಾಡು ಬಂತು, ಒಂದೊಂದು ಕಂತು ಸುಮಾರು 50 ಕೋಟಿ ಡಾಲರ್. ಯುರೋಪಿನಲ್ಲಿ ತಡೆಹಿಡಿದಿರುವ ರಷ್ಯಾದ ಹಣವನ್ನು ಬಳಸುವ ಯೋಚನೆಗೆ ಡಿಸೆಂಬರ್‌ನಲ್ಲಿ ಒಮ್ಮತ ಸಿಗಲಿಲ್ಲ. ಬದಲಿಗೆ ಒಕ್ಕೂಟವೇ ಸಾಲ ಎತ್ತಿ 2026 ಮತ್ತು 2027ಕ್ಕೆ 9000 ಕೋಟಿ ಯೂರೋ ಕೊಡಲು ಒಪ್ಪಿತು. 3 ದೇಶಗಳು ಆ ಸಾಲದ ಹೊಣೆಯಿಂದ ಹೊರಗುಳಿದವು. ಆ ಎರಡು ವರ್ಷಕ್ಕೆ ಉಕ್ರೇನ್‌ಗೆ ಬೇಕಾದದ್ದರಲ್ಲಿ ಸುಮಾರು ಮೂರನೇ ಎರಡು ಪಾಲು ಇದರಿಂದ ಸಿಗುತ್ತದೆ. ಉಳಿದದ್ದನ್ನು ಬೇರೆ ಮಿತ್ರರು ತುಂಬಬೇಕು ಎಂಬುದು ಲೆಕ್ಕ.