ಅರ್ಧ ಇಂಚಿನ ಫಲಕ

ಉಕ್ಕಿನ ಸೇತುವೆಯೊಂದು ಕುಸಿದ ಸುದ್ದಿ ಬಂದೊಡನೆ ‘ತುಕ್ಕು ಹಿಡಿದಿತ್ತು’ ಎಂದು ತೀರ್ಪು ಕೊಟ್ಟುಬಿಡುತ್ತೇವೆ. ಅಮೆರಿಕದ ಮಿನ್ನಿಯಾಪೊಲಿಸ್ ನಗರದಲ್ಲಿ ಸೇತುವೆ ಬಿದ್ದಾಗಲೂ ಮೊದಲು ಅನುಮಾನ ಬಿದ್ದದ್ದು ತುಕ್ಕಿನ ಮೇಲೆ, ಉಕ್ಕು ದಣಿದು ಬಿಡುವ ಬಿರುಕುಗಳ ಮೇಲೆ. ತನಿಖೆ ಮುಗಿದಾಗ ಸಿಕ್ಕ ಉತ್ತರವೇ ಬೇರೆ. ತಪ್ಪು ನಡೆದದ್ದು ಸೇತುವೆ ಕಟ್ಟುವ ಮೊದಲೇ, ವಿನ್ಯಾಸಕಾರರ ಮೇಜಿನ ಮೇಲೆ.

2007ರ ಆಗಸ್ಟ್ 1ರ ಸಂಜೆ, ಆರು ಗಂಟೆ ದಾಟಿ ಐದು ನಿಮಿಷ. ಮಿಸಿಸಿಪ್ಪಿ ನದಿಯ ಮೇಲಿನ ಐ-35ಡಬ್ಲ್ಯು ಹೆದ್ದಾರಿ ಸೇತುವೆಯ ಸುಮಾರು 300 ಮೀಟರ್ ಭಾಗ ಕೆಲವೇ ಕ್ಷಣಗಳಲ್ಲಿ ಕಳಚಿ ಬಿತ್ತು. ಕುಸಿದ ಭಾಗದ ಮೇಲೆ 111 ವಾಹನಗಳಿದ್ದವು. 13 ಜನ ಸತ್ತರು, 145 ಜನ ಗಾಯಗೊಂಡರು. 1967ರಲ್ಲಿ ಸಂಚಾರಕ್ಕೆ ತೆರೆದ ಸೇತುವೆ ಅದು. ಅಂದು ರಸ್ತೆಯ ದುರಸ್ತಿ ನಡೆದಿತ್ತು. ಮರಳು, ಜಲ್ಲಿ, ಯಂತ್ರಗಳೆಲ್ಲ ಸೇರಿ ಸುಮಾರು 260 ಟನ್ ಭಾರವನ್ನು ಒಂದೇ ಕಡೆ ಪೇರಿಸಿಟ್ಟಿದ್ದರು. ಅದರ ಕೆಳಗೇ ಇತ್ತು, ನಕ್ಷೆಯಲ್ಲಿ ‘ಯು10’ ಎಂದು ಗುರುತಿಸಿದ ಸಂಧಿ.

ಈ ಸೇತುವೆಯನ್ನು ಹೊತ್ತಿದ್ದದ್ದು ಟ್ರಸ್, ಅಂದರೆ ತೊಲೆಗಳನ್ನು ತ್ರಿಕೋನಗಳಾಗಿ ಜೋಡಿಸಿದ ಚೌಕಟ್ಟು. ಅದರಲ್ಲಿ ಪ್ರತಿ ತೊಲೆಯೂ ಎಳೆತಕ್ಕೆ ಇಲ್ಲವೇ ಒತ್ತಡಕ್ಕೆ ಸಿಕ್ಕಿರುತ್ತದೆ. ಈ ಎರಡರ ಸ್ವಭಾವ ಒಂದೇ ಅಲ್ಲ. ಪೊರಕೆಯಿಂದ ಒಂದು ತೆಂಗಿನ ಕಡ್ಡಿ ತೆಗೆದು ಎರಡೂ ತುದಿ ಹಿಡಿದು ಎಳೆಯಿರಿ. ಬೆರಳು ನೋಯುತ್ತದೆಯೇ ಹೊರತು ಕಡ್ಡಿ ತುಂಡಾಗುವುದಿಲ್ಲ. ಅದನ್ನೇ ನೆಲಕ್ಕೆ ನೆಟ್ಟಗೆ ನಿಲ್ಲಿಸಿ ಮೇಲಿನಿಂದ ಒತ್ತಿರಿ. ಸ್ವಲ್ಪ ಹೊತ್ತು ತಡೆದು, ಥಟ್ಟನೆ ಪಕ್ಕಕ್ಕೆ ಬಾಗಿಬಿಡುತ್ತದೆ. ಅರ್ಧಕ್ಕೆ ಮುರಿದು ಮತ್ತೆ ಒತ್ತಿ ನೋಡಿ, ನಾಲ್ಕು ಪಟ್ಟು ಹೆಚ್ಚು ಒತ್ತಬೇಕಾಗುತ್ತದೆ. ಈ ಲೆಕ್ಕವನ್ನು ಗಣಿತಜ್ಞ ಆಯ್ಲರ್ 18ನೇ ಶತಮಾನದಲ್ಲೇ ಬರೆದಿಟ್ಟ. ಅದರಲ್ಲಿ ನನ್ನನ್ನು ಇಂದಿಗೂ ಬೆರಗುಗೊಳಿಸುವ ಸಂಗತಿಯೊಂದಿದೆ: ತೆಳ್ಳಗಿನ ಉದ್ದ ಕಂಬ ಎಷ್ಟು ಭಾರಕ್ಕೆ ಬಾಗುತ್ತದೆ ಎಂಬ ಸೂತ್ರದಲ್ಲಿ ವಸ್ತು ಎಷ್ಟು ಗಟ್ಟಿ, ಅಂದರೆ ಎಷ್ಟಕ್ಕೆ ಸೋಲುತ್ತದೆ ಎಂಬ ಸಂಖ್ಯೆಯೇ ಇಲ್ಲ. ಉದ್ದ, ಆಕಾರ, ವಸ್ತುವಿನ ಬಿಗಿತ (ಆಕಾರ ಬದಲಿಸಲು ಅದು ಎಷ್ಟು ಸೆಣಸುತ್ತದೆ ಎಂಬುದು), ತುದಿಗಳನ್ನು ಹೇಗೆ ಹಿಡಿದಿದ್ದಾರೆ ಎಂಬುದು, ಇಷ್ಟೇ. ಎರಡು ಪಟ್ಟು ಗಟ್ಟಿ ಉಕ್ಕು ತಂದು ಹಾಕಿದರೂ ಅಂಥ ಕಂಬ ಬಾಗುವ ಗಳಿಗೆ ಮುಂದಕ್ಕೆ ಹೋಗುವುದಿಲ್ಲ.

ತೊಲೆಗಳನ್ನು ಒಂದಕ್ಕೊಂದು ಬೆಸೆಯುವ ಉಕ್ಕಿನ ಹಲಗೆಗೆ ಗಸೆಟ್ ಪ್ಲೇಟ್ ಎನ್ನುತ್ತಾರೆ. ರಿವೆಟ್ ಸಾಲುಗಳ ನಡುವೆ ಅದರ ಅಂಚು ಎಲ್ಲಿ ಬರಿದಾಗಿ ಉಳಿದಿರುತ್ತದೋ ಅಲ್ಲಿ ಅದೂ ಒತ್ತಡಕ್ಕೆ ಸಿಕ್ಕ ಕಂಬವೇ. ಹಲಗೆಯ ದಪ್ಪ ಅರ್ಧವಾದರೆ ಬಾಗುವುದನ್ನು ತಡೆಯುವ ಬಿಗಿತ ಅರ್ಧಕ್ಕಲ್ಲ, ಎಂಟನೇ ಒಂದಕ್ಕೆ ಇಳಿಯುತ್ತದೆ. ಯು10ರಲ್ಲಿ ಒಂದು ಇಂಚು ಬೇಕಿದ್ದ ಕಡೆ ಅರ್ಧ ಇಂಚಿನ ಫಲಕ ಕೂತಿತ್ತು. ನಲವತ್ತು ವರ್ಷ ಅದು ಹೇಗೋ ತಾಳಿಕೊಂಡಿತು. ಆದರೆ ಆ ನಡುವೆ ರಸ್ತೆಯ ಮೇಲೆ ಕಾಂಕ್ರೀಟಿನ ಹೊಸ ಪದರ ಬಂತು, ತಡೆಗೋಡೆಗಳು ಬದಲಾದವು; ಸೇತುವೆಯ ಸ್ವಂತ ತೂಕವೇ ಏರುತ್ತ ಹೋಯಿತು. ಕೊನೆಗೆ ಆ ಮರಳು, ಜಲ್ಲಿಯ ರಾಶಿ. ಫಲಕ ಬಾಗಿತು, ಓರೆತೊಲೆಯ ಮೇಲ್ತುದಿ ಪಕ್ಕಕ್ಕೆ ಜಾರಿತು.

ಒಂದು ಸಂಧಿ ಹೋದರೆ ಇಡೀ ಸೇತುವೆ ಏಕೆ ಬೀಳಬೇಕು? ಅಕ್ಕಪಕ್ಕದ ಎರಡು ತ್ರಿಕೋನಗಳ ನಡುವಿನ ಬಾಹು ಕಳಚಿದ ಕೂಡಲೇ ಅಲ್ಲಿ ಉಳಿಯುವುದು ಚತುಷ್ಕೋನ, ಮತ್ತು ಚತುಷ್ಕೋನಕ್ಕೆ ತನ್ನ ಆಕಾರ ಹಿಡಿದಿಟ್ಟುಕೊಳ್ಳುವ ತಾಕತ್ತಿಲ್ಲ. ಅಲ್ಲಿಯವರೆಗೆ ಎಳೆತದಲ್ಲಿದ್ದ ತೊಲೆ ಒತ್ತಡಕ್ಕೆ ಸಿಕ್ಕಬಹುದು. ಅದಕ್ಕೆಂದು ಅದನ್ನು ಮಾಡಿರುವುದಿಲ್ಲ. ಜೊತೆಗೆ ಹಠಾತ್ತನೆ ಮೇಲೆ ಬಿದ್ದ ಭಾರ, ಮೆಲ್ಲಗೆ ಇಟ್ಟ ಅದೇ ಭಾರಕ್ಕಿಂತ ಎರಡು ಪಟ್ಟಿನವರೆಗೆ ಜಗ್ಗುತ್ತದೆ. ಪಕ್ಕದ ತೊಲೆ ಸೋಲುತ್ತದೆ, ಅದರ ಪಾಲೂ ಅದರಾಚೆಯದರ ಮೇಲೆ ಬೀಳುತ್ತದೆ. ಈ ಸೇತುವೆಗೆ ಇದ್ದದ್ದು ಎರಡೇ ಮುಖ್ಯ ಟ್ರಸ್‌ಗಳು. ಭಾರ ಇಳಿದುಹೋಗಲು ಬದಲಿ ದಾರಿ ಇರಲಿಲ್ಲ.

ಇದೇ ಕೊರತೆಯನ್ನು ಅಮೆರಿಕದ ಪಾಯಿಂಟ್ ಪ್ಲೆಸೆಂಟ್‌ನ ಸಿಲ್ವರ್ ಸೇತುವೆ 1967ರ ಡಿಸೆಂಬರ್ 15ರಂದು ಇನ್ನೊಂದು ರೂಪದಲ್ಲಿ ತೋರಿಸಿತ್ತು. ಅದು ತೂಗುಸೇತುವೆ. ಅದರ ಸರಪಳಿಯ ಪ್ರತಿ ಕೊಂಡಿಯಲ್ಲೂ ಎರಡೇ ಪಟ್ಟಿಗಳಿದ್ದವು. ಒಂದು ಪಟ್ಟಿಯಲ್ಲಿದ್ದ ಎರಡೂವರೆ ಮಿಲಿಮೀಟರ್ ಆಳದ ಬಿರುಕು ಒಡೆದಾಗ ಜೊತೆಯ ಪಟ್ಟಿ ಪಿನ್ನಿನಿಂದ ಕಳಚಿಕೊಂಡಿತು. 46 ಜನ ಸತ್ತರು. ಅದಕ್ಕೂ ಒಂದು ವರ್ಷ ಮೊದಲಿನಿಂದ ಆ ಊರಲ್ಲಿ ರೆಕ್ಕೆಯ ಮನುಷ್ಯನೊಬ್ಬ ಕಾಣಿಸಿಕೊಂಡನೆಂಬ ಸುದ್ದಿ ಹಬ್ಬಿತ್ತು. ಇಂದಿಗೂ ಅಲ್ಲಿ ಆ ‘ಮಾತ್‌ಮ್ಯಾನ್’ಗೆ ಪ್ರತಿಮೆಯಿದೆ, ಹಬ್ಬವಿದೆ. ಸೇತುವೆ ಬಲಿ ಬೇಡುತ್ತದೆ ಎಂಬ ನಮ್ಮ ಕಡೆಯ ಪುಕಾರೂ ಇದೇ ಜಾತಿಯದು. ಇಂಥ ಕಥೆಗಳು ನನಗೆ ಸಿಟ್ಟು ತರಿಸುತ್ತವೆ. ಸಾವಿಗೆ ಅಗೋಚರ ಕಾರಣ ಸಿಕ್ಕಿಬಿಟ್ಟರೆ ಆ ಬಿರುಕನ್ನು ಹುಡುಕುವ ತೊಂದರೆ ಯಾರು ತೆಗೆದುಕೊಳ್ಳುತ್ತಾರೆ?

ಮಿನ್ನಿಯಾಪೊಲಿಸ್‌ನಲ್ಲಿ ಕಾರಣ ಕಣ್ಣಿಗೆ ಕಾಣುವಂತೆಯೇ ಇತ್ತು. 1999 ಮತ್ತು 2003ರಲ್ಲಿ ತೆಗೆದ ಫೋಟೋಗಳಲ್ಲಿ ಯು10ರ ಫಲಕದ ಅಂಚು ಬಾಗಿರುವುದು ಸ್ಪಷ್ಟವಾಗಿದೆ. ಗಸೆಟ್ ಫಲಕ ತೊಲೆಗಿಂತ ಬಲವಾಗಿಯೇ ಇರುತ್ತದೆಂದು ನಂಬಿದ್ದರಿಂದ ಸೇತುವೆಯ ಸಾಮರ್ಥ್ಯ ಅಳೆಯುವ ಲೆಕ್ಕದಲ್ಲಿ ಅದನ್ನು ಸೇರಿಸುವ ರೂಢಿಯೇ ಇರಲಿಲ್ಲ. ಈ ಕುಸಿತದ ನಂತರ ಅಮೆರಿಕದಲ್ಲಿ ಆ ರೂಢಿ ಬದಲಾಯಿತು. ತೊಲೆಗಳ ಜೊತೆಗೆ ಫಲಕಗಳ ದಪ್ಪವನ್ನೂ ಲೆಕ್ಕ ಹಾಕತೊಡಗಿದರು.